ನರಿಯಂಜಿ ಹತ್ತುವ ಮಣ್ಣು

ಹಳ್ಳದ ದಂಡೆಯಲ್ಲಿ ಮೂವತ್ತೆಂಟು ಗಿಡಗಳಿದ್ದವು. ತೇಜಶ್ರೀ ಎರಡು ಸಲ ಎಣಿಸಿ, ಪ್ರತಿಯೊಂದರ ಬುಡಕ್ಕೂ ನಂಬರು ಕೊರೆದ ತಗಡಿನ ಚೂರೊಂದನ್ನು ಕಟ್ಟಿಸಿದಳು. ತಂತಿ ಸುತ್ತುವ ಕೆಲಸ ಕೂಲಿಗೆ ಬಂದಿದ್ದ ಜಯಕ್ಕನಿಗೆ ಬಂತು. ಬಗ್ಗಿ ಕಟ್ಟುವಾಗ ಪ್ರತಿ ಗಿಡದ ಹತ್ತಿರವೂ ಅವಳ ಕೈ ಒಂದು ಗಳಿಗೆ ಹೆಚ್ಚು ನಿಂತಿತು. ಅದು ಯಾರ ಕಣ್ಣಿಗೂ ಬೀಳಲಿಲ್ಲ.

ನರಿಯಂಜಿ ಮೊಣಕಾಲುದ್ದದ ಗಿಡ. ಎಲೆ ಒರಟು, ಮುರಿದರೆ ಕೂದಲು ಸುಟ್ಟ ವಾಸನೆ. ಆಡು ಮೂಸಿ ಮುಂದೆ ಹೋಗುತ್ತದೆ. ನಾಯಿ, ನರಿ ಹತ್ತಿರ ಸುಳಿಯುವುದಿಲ್ಲ. ಪುಷ್ಯದ ಚಳಿಯಲ್ಲಿ ಸಣ್ಣ ಬಿಳಿ ಹೂ ಬಿಡುತ್ತದೆ, ಒಳಗೊಂದು ನೇರಳೆ ಚುಕ್ಕೆ. ಬಿಸಿಲೇರುವ ಹೊತ್ತಿಗೆ ಉದುರಿಹೋಗುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಕಲ್ಲುಬೋರೆಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇದು ಬೆಳೆಯುವುದಿಲ್ಲ ಎಂದು ತೇಜಶ್ರೀ ಹೇಳಿದಾಗ ಕೂಲಿಗೆ ಬಂದಿದ್ದ ಹೆಂಗಸರು ನಕ್ಕಿದ್ದರು.

"ಈ ನಾತಕ್ಕೆ ಬೇರೆ ಊರಾಗೆ ಯಾರು ಮೇಡಂ ಜಾಗ ಕೊಡ್ತಾರೆ? ನಾವಾದ್ರೆ ಮೂಗಿಲ್ಲದ ಜನ" ಎಂದಿದ್ದಳು ಓಬಮ್ಮ.

ಬಿ.ಜಿ. ಕೆರೆಯಿಂದಾಚೆ ಬೋರೆಯ ನೆತ್ತಿಯ ಮೇಲೆ ಗಾಳಿಕಂಬಗಳನ್ನು ನಿಲ್ಲಿಸುತ್ತಿದ್ದರು. ಕಂಬದ ರೆಕ್ಕೆ ಹೊತ್ತು ಬರುವ ಉದ್ದನೆಯ ಲಾರಿ ತಿರುಗಬೇಕಾದರೆ ಹಳ್ಳದ ದಂಡೆಯಲ್ಲಿ ರಸ್ತೆ ಅಗಲವಾಗಬೇಕು. ತೇಜಶ್ರೀ ಚಿತ್ರದುರ್ಗದ ಹುಡುಗಿ. ಈ ಗಿಡದ ಮೇಲೆಯೇ ಪಿಎಚ್‌ಡಿ ಮಾಡುತ್ತಿದ್ದವಳು ಆಫೀಸಿಂದ ಆಫೀಸಿಗೆ ಓಡಾಡಿ ಐದು ದಿನದ ಗಡುವು ತಂದಿದ್ದಳು. ಶುಕ್ರವಾರ ಸಂಜೆಯೊಳಗೆ ಗಿಡಗಳನ್ನು ಬೇರು ಸಮೇತ ಎತ್ತಿ, ನನ್ನಿವಾಳದ ಹತ್ತಿರ ಬೇಲಿ ಹಾಕಿದ ಒಂದು ತುಂಡು ನೆಲಕ್ಕೆ ಸಾಗಿಸಬೇಕು. ಶನಿವಾರ ಬೆಳಿಗ್ಗೆ ಜೆಸಿಬಿ ಬರುತ್ತದೆ.

"ಒಂದು ಅರ್ಥ ಆಗ್ತಿಲ್ಲ ಜಯಕ್ಕ" ಎಂದಳು ತೇಜಶ್ರೀ, ಸೋಮವಾರ, ಮೊದಲ ದಿನವೇ. "ಬೋರೆ ಮೇಲೆ ಎಲ್ಲಿ ನೋಡಿದ್ರೂ ಕಲ್ಲಿನ ಸಂದಿಯಲ್ಲಿ ಒಂದೋ ಎರಡೋ ಇರುತ್ತೆ. ಇಲ್ಲಿ ಮಾತ್ರ ಮೆತ್ತನೆ ಮಣ್ಣಲ್ಲಿ, ಒಂದಕ್ಕೊಂದು ಎರಡು ಮೊಳ ಬಿಟ್ಟು, ಯಾರೋ ನೆಟ್ಟ ಹಾಗೆ. ಈ ಮಣ್ಣೇ ಇದಕ್ಕೆ ಇಷ್ಟ ಅಂತ ಕಾಣುತ್ತೆ. ನನ್ನಿವಾಳದಲ್ಲೂ ಇಂಥದೇ ಮಣ್ಣು ಹುಡುಕಿ ಜಾಗ ಗೊತ್ತು ಮಾಡಿದೀನಿ."

ಓಬಮ್ಮ ಕೆಮ್ಮಿದಳು. ಉಳಿದವರು ತಮ್ಮ ತಮ್ಮ ಗುದ್ದಲಿ ನೋಡಿಕೊಂಡರು. ಜಯಕ್ಕ "ಹೂಂ ಮೇಡಂ" ಎಂದಳು.

ಆ ಮಣ್ಣನ್ನು ಆರಿಸಿದವರು ಹಟ್ಟಿಯ ಹೆಂಗಸರು. ಒಬ್ಬಳೇ ಅಗೆಯಬೇಕಾದವಳಿಗೆ ಮೆತ್ತನೆಯ ನೆಲ ಬೇಕು. ಹಲ್ಲು ಮೂಡುವ ಮೊದಲು ತೀರಿಹೋದ ಕೂಸನ್ನು ಇಲ್ಲಿ ಗಂಡಸರು ಹೊರುವುದಿಲ್ಲ. ಮನೆಯ ಹಿರಿಯ ಹೆಂಗಸು, ಅತ್ತೆಯೋ ಅಜ್ಜಿಯೋ, ಬಟ್ಟೆಯಲ್ಲಿ ಸುತ್ತಿ ತಂದು ಹಳ್ಳದ ದಂಡೆಯಲ್ಲಿ ಮಣ್ಣು ಮಾಡುತ್ತಾಳೆ. ನರಿ ಕೆದರದಿರಲೆಂದು ಮೇಲೊಂದು ನರಿಯಂಜಿಯ ಕಡ್ಡಿ ಊರುತ್ತಾಳೆ. ಅದಕ್ಕೆ ನೀರು ಹಾಕುವಂತಿಲ್ಲ. ಯಾವ ಜಾಗವೆಂದು ಹೆತ್ತವಳಿಗೆ ಹೇಳುವಂತಿಲ್ಲ. ಹೇಳಿದರೆ ಅವಳು ಹೋಗಿ ಅಳುತ್ತಾಳೆ, ಅತ್ತರೆ ಅದೇ ಜೀವ ತಿರುಗಿ ಅವಳ ಹೊಟ್ಟೆಗೆ ಬಂದು ತಿರುಗಿ ಸಾಯುತ್ತದೆ ಎಂದು ನಂಬಿಕೆ.

ಇನ್ನೊಂದು ನಂಬಿಕೆಯೂ ಇತ್ತು. ಅದನ್ನು ಯಾರೂ ದೊಡ್ಡ ದನಿಯಲ್ಲಿ ಆಡುವುದಿಲ್ಲ. ತಾನಾಗಿ ಹೋದ ಕೂಸಿನ ಮೇಲೆ ಊರಿದ ಕಡ್ಡಿ ಹದಿನೈದು ದಿನದಲ್ಲಿ ಚಿಗುರುತ್ತದೆ. ಮನುಷ್ಯರ ಕೈಯಿಂದ ಹೋದ ಕೂಸಿನ ಮೇಲೆ ಹತ್ತುವುದೇ ಇಲ್ಲ.

ಜಯಕ್ಕನಿಗೆ ಈಗ ನಲವತ್ನಾಲ್ಕು. ಇಪ್ಪತ್ತು ವರ್ಷದ ಹಿಂದೆ, ಇಬ್ಬರು ಹೆಣ್ಣುಮಕ್ಕಳಾದ ಮೇಲೆ, ಮೂರನೆಯದು ಏಳು ತಿಂಗಳಿಗೇ ಹುಟ್ಟಿತು. ಅದೂ ಹೆಣ್ಣು. ಮೂರನೆಯ ದಿನ ಜಯಕ್ಕನಿಗೆ ಜ್ವರ ಏರಿ ಮಾತು ತೊದಲತೊಡಗಿದಾಗ, ಗಂಡ ಹನುಮಂತರಾಜು ಟೆಂಪೋ ಹಿಡಿದು ತಂದು ಅವಳನ್ನು ಮೊಳಕಾಲ್ಮೂರಿನ ಆಸ್ಪತ್ರೆಗೆ ಕರೆದೊಯ್ದ. ಕೂಸು ಅತ್ತೆ ಯರ್ರಮ್ಮನ ಹತ್ತಿರ ಉಳಿಯಿತು. ಆರು ದಿನ ಬಿಟ್ಟು ಮನೆಗೆ ಬಂದಾಗ, ಜೋಲಿ ಕಟ್ಟಿದ್ದ ಸೀರೆಯನ್ನು ಒಗೆದು ಮಡಚಿ ಇಡಲಾಗಿತ್ತು.

"ನೀನು ಹೋದ ಮಧ್ಯಾಹ್ನಾನೇ ಹೋಯ್ತು ಕಣವ್ವ" ಎಂದಿದ್ದಳು ಯರ್ರಮ್ಮ.

ಅದಕ್ಕಿಂತ ಹೆಚ್ಚಿನ ಒಂದು ಮಾತು ಇಬ್ಬರ ನಡುವೆ ಇಪ್ಪತ್ತು ವರ್ಷ ಬರಲಿಲ್ಲ. ಯರ್ರಮ್ಮ ಕೆಟ್ಟವಳಾಗಿದ್ದರೆ ಜಯಕ್ಕನಿಗೆ ಸುಲಭವಾಗುತ್ತಿತ್ತು. ಆಸ್ಪತ್ರೆಯಿಂದ ಬಂದ ಸೊಸೆಗೆ ಮೂರು ತಿಂಗಳು ಒಲೆ ಮುಟ್ಟಗೊಡದೆ ನೋಡಿಕೊಂಡವಳು ಅವಳೇ. ಗಂಡ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ವಾರಗಟ್ಟಲೆ ಉಳಿದಾಗ ಎರಡು ಹೆಣ್ಣುಮಕ್ಕಳನ್ನು ಎದೆಗೆ ಹಾಕಿಕೊಂಡು ಬೆಳೆಸಿದವಳೂ ಅವಳೇ. ಹಟ್ಟಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ನೀರು ಹಾಕಲು ಅವಳನ್ನೇ ಕರೆಯುತ್ತಿದ್ದರು. ಆದರೂ ಟೆಂಪೋ ಹತ್ತುವ ಬೆಳಿಗ್ಗೆ ಆ ಕೂಸು ತನ್ನ ಕಿರುಬೆರಳನ್ನು ಹಿಡಿದಿದ್ದ ಬಿಗಿ ಜಯಕ್ಕನಿಗೆ ನೆನಪಿತ್ತು. ಬಿಡಿಸಿಕೊಳ್ಳಲು ಇನ್ನೊಂದು ಕೈ ಬೇಕಾಗಿತ್ತು. ಅಂಥ ಬಿಗಿ ಅರ್ಧ ದಿನದಲ್ಲಿ ಹೇಗೆ ಸಡಿಲವಾಯಿತು ಎಂಬುದು ಅವಳಿಗೆ ಒಮ್ಮೆಯೂ ಅರ್ಥವಾಗಲಿಲ್ಲ.

ಮೊಳಕಾಲ್ಮೂರಿಗೆ ಬಸ್ಸಿನಲ್ಲಿ ಹೋಗುವಾಗ ಹಳ್ಳದ ದಂಡೆ ಕಿಟಕಿಯಿಂದ ಕಾಣುತ್ತದೆ. ಹಾಗೆ ನೋಡಿ ನೋಡಿ ಅವಳು ಒಂದು ಗಿಡವನ್ನು ತನ್ನದೆಂದು ಇಟ್ಟುಕೊಂಡಿದ್ದಳು. ಬಂಡೆಯ ಎಡಕ್ಕೆ, ಎರಡು ಕವಲಿನದು. ಅದು ಪ್ರತಿ ಪುಷ್ಯದಲ್ಲೂ ಹೂ ಬಿಟ್ಟಿತು. ಹತ್ತಿದೆ ಎಂದರೆ ತಾನಾಗಿ ಹೋಗಿದೆ ಎಂದುಕೊಂಡು ಅವಳು ಮನೆಗೆ ಬಂದು ಅತ್ತೆಗೆ ಅನ್ನ ಬಡಿಸುತ್ತಿದ್ದಳು.

ಈಗ ಹಿರಿಯ ಮಗಳು ಸೌಂದರ್ಯಳಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲು. ಭಾನುವಾರ ಹಿರಿಯೂರಿನಿಂದ ಬಾಣಂತನಕ್ಕೆ ಬರುವವಳಿದ್ದಳು. ಹೊಟ್ಟೆಯ ಕೂಸು ತೂಕ ಸಾಲದು, ಮುಂಚೆಯೇ ಆದರೂ ಆಗಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಫೋನಿನಲ್ಲಿ ಅವಳು ನಗುತ್ತಲೇ, "ಹೆದರ್ಕೆ ಇಲ್ಲವ್ವ ನಂಗೆ. ಅಜ್ಜಿ ಕೈಗೆ ಹಾಕ್ಬಿಡ್ತೀನಿ, ಅವಳು ಉಳಿಸ್ತಾಳೆ" ಎಂದಳು.

ಆ ಮಾತಾದ ಮೇಲೆ ಜಯಕ್ಕನಿಗೆ ತನ್ನ ಕೂಸು ಹೇಗೆ ಹೋಯಿತೆಂದು ತಿಳಿಯಲೇಬೇಕಾಯಿತು. ಅದಕ್ಕೇ ಅವಳು ಈ ಕೂಲಿಗೆ ಬಂದಿದ್ದಳು.

ಗಿಡದ ವಯಸ್ಸು ನೋಡುವುದನ್ನು ತೇಜಶ್ರೀ ಸೋಮವಾರವೇ ಕಲಿಸಿದಳು. ಒಂದೊಂದು ಮಳೆಗಾಲಕ್ಕೆ ಕಾಂಡದಲ್ಲಿ ಒಂದೊಂದು ಗಂಟು ಬೀಳುತ್ತದೆ. ಬುಡದಿಂದ ಬೆರಳಾಡಿಸಿ ಎಣಿಸುತ್ತ ಹೋದರೆ ಸಾಕು. ಜಯಕ್ಕನ ಬೆರಳಿಗೆ ಇದು ಬೇಗ ಒಗ್ಗಿತು. ಅವಳು ಎಣಿಸಿ ಕೂಗುವುದು, ತೇಜಶ್ರೀ ಬರೆದುಕೊಳ್ಳುವುದು. ಎರಡು ಕವಲಿನ ಗಿಡ ಬಂದಾಗ ಮಾತ್ರ "ಎಲೆ ಅಡ್ಡ ಬಂದೈತೆ, ಆಮೇಲೆ ಎಣಿಸ್ತೀನಿ ಮೇಡಂ" ಎಂದು ದಾಟಿಸಿದಳು.

ಮಂಗಳವಾರ ಬೆಳಿಗ್ಗೆ ಓಬಮ್ಮನ ಅತ್ತೆ ಬೋರಜ್ಜಿ ಕೋಲೂರಿಕೊಂಡು ಬಂದಳು. ಎಂಬತ್ತರ ಹತ್ತಿರದ ಮುದುಕಿ, ಹಿಂದೆ ಬರುತ್ತಿದ್ದ ಸೊಸೆಯನ್ನು ಬೈಯುತ್ತಲೇ ಬಂದಳು.

"ಗುದ್ದಲಿ ಹಂಗೆ ಹಿಡೀತಾರೇನೆ, ಕಸ ಗುಡಿಸೋಕೆ ಬಂದೀಯಾ? ಬಾ ಇಲ್ಲಿ. ರಸ್ತೆ ಅಡಿಗೆ ಹೋಗೋ ಮಣ್ಣಿಗೆ ಇನ್ನೆಂಥ ಕಟ್ಟಳೆ. ಯಾರೋ ಎತ್ತೋದ್ಕಿಂತ ಹೆತ್ತೋಳೇ ಎತ್ತಲಿ." ಕೋಲಿನ ತುದಿಯನ್ನು ಬಂಡೆಯ ಎಡಕ್ಕಿದ್ದ ಎರಡು ಕವಲಿನ ಗಿಡದತ್ತ ಚಾಚಿದಳು. "ಇದು ನಿನ್ನ ಗಂಡು."

ಓಬಮ್ಮ ಅಲ್ಲೇ ಕುಸಿದು ಕೂತಳು. ತಮಾಷೆಯ ಹೆಂಗಸು, ಒಂದು ಸದ್ದೂ ಮಾಡದೆ ಮಣ್ಣಿಗೆ ಕೈ ಹಚ್ಚಿ ಕೂತಿದ್ದಳು. ತೇಜಶ್ರೀಗೆ ಏನೂ ತಿಳಿಯದೆ "ಏನಾಯ್ತು? ಏನು ಗಂಡು?" ಎನ್ನುತ್ತ ನಿಂತಳು. ಬೋರಜ್ಜಿ ಹೇಳಿದಳು, ಸಂತೆಯ ಸುದ್ದಿ ಹೇಳುವಷ್ಟು ಸಲೀಸಾಗಿ. ತೇಜಶ್ರೀ ನೋಟ್‌ಬುಕ್ಕಿನ ಹಾಳೆಗಳನ್ನು ಹಿಂದಕ್ಕೆ ತಿರುವಿ, ಮೆತ್ತನೆ ಮಣ್ಣಿನ ಬಗ್ಗೆ ಬರೆದುಕೊಂಡಿದ್ದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಚಪ್ಪಲಿ ಬಿಚ್ಚಿ ದೂರ ಇಟ್ಟು ಬಂದಳು.

"ಜಯಕ್ಕ, ಎಣಿಸ್ರೀ" ಎಂದಳು ಓಬಮ್ಮ. "ನಂದು ಹೋಗಿ ಹನ್ನೆರಡು ವರ್ಷ."

ಜಯಕ್ಕ ಮೊಣಕಾಲೂರಿ ಎಣಿಸಿದಳು. ಹನ್ನೆರಡೇ ಇದ್ದವು.

ಅವಳಿಗೆ ಓಬಮ್ಮನ ಮೇಲೆ ಸಿಟ್ಟು ಬಂತು. ಇಷ್ಟು ವರ್ಷ ತನ್ನದಾಗಿದ್ದುದನ್ನು ಕಿತ್ತುಕೊಂಡಳೆಂಬ ಸಿಟ್ಟು. ನಾಚಿಕೆಯೂ ಆಯಿತು. ಅದರ ಹಿಂದೆಯೇ ಹೆದರಿಕೆ ಬಂತು. ಇದು ತನ್ನದಲ್ಲವಾದರೆ ತನ್ನದು ಯಾವುದು? ತನ್ನದೆಂಬುದು ಇದೆಯೇ?

ಬುಧವಾರದಿಂದ ಮುದುಕಿಯರು ಒಬ್ಬೊಬ್ಬರೇ ಬರತೊಡಗಿದರು. ಅತ್ತೆ ತೋರಿಸುವುದು, ಸೊಸೆ ಅಗೆಯುವುದು. ಬೇರಿನ ಮಣ್ಣು ಉದುರದಂತೆ ಗೋಣಿತಾಟು ಸುತ್ತಿ ಟ್ರ್ಯಾಕ್ಟರಿನವರೆಗೆ ಎದೆಗವಚಿ ಒಯ್ಯುವುದು. ಟ್ರ್ಯಾಕ್ಟರು ಚಳ್ಳಕೆರೆಯ ಅನ್ವರನದು. ಮೊದಲ ದಿನ ಸಿನಿಮಾ ಹಾಡು ಹಾಕಿಕೊಂಡು ಬಂದಿದ್ದವನು ಸಂಗತಿ ತಿಳಿದ ಮೇಲೆ ಹಾಡು ನಿಲ್ಲಿಸಿ, ಟ್ರೇಲರಿನಲ್ಲಿ ಹುಲ್ಲು ಹಾಸಿಕೊಂಡು ಬರುತ್ತಿದ್ದ.

"ಹೊಂಡ ಇರೋ ಕಡೆ ನಿಧಾನ ಹೊಡೀಯಪ್ಪ" ಎಂದು ಬೋರಜ್ಜಿ ದಿನವೂ ಹೇಳುತ್ತಿದ್ದಳು.

"ಆಯ್ತಮ್ಮ, ಬಸುರಿ ಹೆಂಗಸ್ರನ್ನ ಕರ್ಕೊಂಡು ಹೋದಂಗೆ ಹೋಗ್ತೀನಿ."

"ನಿನ್ನ ಹೆಂಡ್ತಿ ಜೀನತ್‌ನ ಹಂಗೆ ಕರ್ಕೊಂಡು ಹೋಗಿದ್ಯೇನೋ?"

"ಅವಳೇ ಓಡಿಸ್ಕೊಂಡು ಹೋದ್ಳು. ನಾನು ಹಿಂದೆ ಕೂತಿದ್ದೆ" ಎಂದ ಅನ್ವರ್. ಹೆಂಗಸರು ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು.

ಗುರುವಾರ ಸಂಜೆಗೆ ಏಳು ಗಿಡಗಳು ಉಳಿದವು. ಅವೆಲ್ಲ ದಪ್ಪ ಕಾಂಡದ ಹಳೆಯವು. ತೋರಿಸಬೇಕಾದವರು ಯಾವತ್ತೋ ತೀರಿಕೊಂಡಿದ್ದರು. ಮೂವತ್ತು, ನಲವತ್ತು ಗಂಟಿನವು. ಎತ್ತಿದ ಮೂವತ್ತೊಂದರ ಲೆಕ್ಕವನ್ನೂ ಜಯಕ್ಕ ಮನಸ್ಸಿನಲ್ಲಿ ಇಟ್ಟಿದ್ದಳು. ಇಪ್ಪತ್ತು ಗಂಟಿನದು ಅವುಗಳಲ್ಲಿ ಒಂದೂ ಇರಲಿಲ್ಲ.

ಯರ್ರಮ್ಮ ಬಂದಿರಲಿಲ್ಲ.

ಸಂಜೆ ಮನೆಯಲ್ಲಿ ಯರ್ರಮ್ಮ ಬಾಗಿಲಲ್ಲಿ ಕೂತು ಕೌದಿ ಹೊಲಿಯುತ್ತಿದ್ದಳು, ಸೌಂದರ್ಯಳ ಕೂಸಿಗೆಂದು. ಹಳೆಯ ಮೆತ್ತನೆ ಸೀರೆಗಳನ್ನೇ ಹುಡುಕಿ ತಂದಿದ್ದಳು. ಜಯಕ್ಕ ಕೈಕಾಲು ತೊಳೆದು ಬಂದು ಎದುರು ಕೂತಳು.

"ಎಲ್ಲರ ಅತ್ತೇರೂ ಬಂದ್ರು" ಎಂದಳು.

"ಹೂಂ, ಬೋರಿ ಹೇಳಿದ್ಳು."

"ನೀನು?"

"ಮಂಡಿ ನೋವು ಕಣವ್ವ. ಅಷ್ಟು ದೂರ ಯಾರು ನಡೀತಾರೆ."

"ಅನ್ವರ್ ಟ್ರ್ಯಾಕ್ಟರ್ ತರ್ತಾನೆ. ಕೂರ್ಸ್ಕೊಂಡು ಹೋಗ್ತಾನೆ."

ಯರ್ರಮ್ಮ ದಾರ ಹಲ್ಲಿನಲ್ಲಿ ಕಡಿದಳು. ಸೂಜಿಗೆ ಪೋಣಿಸಲು ಎರಡು ಸಲ ಪ್ರಯತ್ನಿಸಿ ಆಗದೆ ಸೊಸೆಯ ಕಡೆ ಚಾಚಿದಳು. ಜಯಕ್ಕ ಪೋಣಿಸಿ ಕೊಡಲಿಲ್ಲ.

"ನಾಳೆ ಬರ್ತೀಯಾ ಇಲ್ವಾ?"

"ಬರ್ತೀನಿ ಬಿಡು" ಎಂದಳು ಯರ್ರಮ್ಮ.

ಶುಕ್ರವಾರ ಬೆಳಿಗ್ಗೆ ಚಳಿ ಬಿಡುವ ಮೊದಲೇ ಅವಳು ಟ್ರೇಲರಿನ ಹುಲ್ಲಿನ ಮೇಲೆ ಕಾಲು ಚಾಚಿ ಕೂತು ಬಂದಳು. ಅನ್ವರ್ ಮತ್ತು ಜಯಕ್ಕ ಎರಡೂ ತೋಳು ಹಿಡಿದು ಇಳಿಸಿದರು. ಹಳೆಯ ಗಿಡಗಳನ್ನು ಉಳಿದ ಹೆಂಗಸರು ಆಗಲೇ ಎತ್ತತೊಡಗಿದ್ದರು. ಯಾರೂ ಕೇಳದ ಆ ಕೂಸುಗಳಿಗೂ ಓಬಮ್ಮ ಗೋಣಿತಾಟನ್ನು ಅಷ್ಟೇ ಜೋಪಾನವಾಗಿ ಸುತ್ತುತ್ತಿದ್ದಳು.

ಯರ್ರಮ್ಮ ಸಾಲಿನೊಳಗೆ ಹೋಗಲೇ ಇಲ್ಲ. ದಂಡೆಯಿಂದ ಇಪ್ಪತ್ತು ಹೆಜ್ಜೆ ಆಚೆ, ಕಾರೆ ಮುಳ್ಳುಗಿಡಗಳ ಮೆಳೆಯ ಮರೆಗೆ ನಡೆದಳು. ಅಲ್ಲೊಂದು ನರಿಯಂಜಿ ಇತ್ತು. ಮೆಳೆಯ ಮರೆಯಲ್ಲಿದ್ದುದರಿಂದ ತೇಜಶ್ರೀಗೂ ಕಂಡಿರಲಿಲ್ಲ, ಅದರ ಬುಡಕ್ಕೆ ತಗಡೂ ಇರಲಿಲ್ಲ. ಮೈತುಂಬ ಹೂ ಬಿಟ್ಟು ನಿಂತಿತ್ತು.

"ಇದು" ಎಂದಳು ಯರ್ರಮ್ಮ.

ಜಯಕ್ಕನ ಎದೆ ಹಗುರವಾಯಿತು. ಇದೆ. ಹತ್ತಿದೆ. ಅಷ್ಟು ಹಗುರವಾದದ್ದು ಅವಳ ಇಡೀ ಬದುಕಿನಲ್ಲಿ ಬೇರೊಂದಿರಲಿಲ್ಲ. ಮಣ್ಣಿಗೆ ಕೂತು ಗಿಡದ ಬುಡವನ್ನು ಎರಡೂ ಕೈಯಲ್ಲಿ ಹಿಡಿದಳು. ಅತ್ತೆಯ ಕಾಲಿಗೂ ಬೀಳಬೇಕೆನಿಸಿತು, ಇಷ್ಟು ವರ್ಷ ಮನಸ್ಸಿನಲ್ಲೇ ಅವಳ ಮೇಲೆ ಅನುಮಾನ ಇಟ್ಟುಕೊಂಡಿದ್ದಕ್ಕೆ. ಆದರೆ ಐದು ದಿನ ಅದೇ ಕೆಲಸ ಮಾಡಿದ ಬೆರಳು ತನ್ನ ಪಾಡಿಗೆ ತಾನು ಕಾಂಡದ ಮೇಲೆ ಹತ್ತಿಕೊಂಡು ಹೋಯಿತು. ಒಂದು, ಎರಡು, ಮೂರು. ಒಂಬತ್ತಕ್ಕೆ ಗಂಟುಗಳು ಮುಗಿದವು.

ಅವಳು ಮತ್ತೆ ಬುಡದಿಂದ ಎಣಿಸಿದಳು. ಒಂಬತ್ತು.

"ಅತ್ತೆ" ಎಂದಳು ತಲೆ ಎತ್ತದೆ. "ಇದು ಒಂಬತ್ತು ವರ್ಷದ್ದು."

ಯರ್ರಮ್ಮ ಮೆಳೆಯ ಕಡೆ ಮುಖ ತಿರುಗಿಸಿದಳು.

"ಬೇರೆ ಯಾರದ್ದಾದ್ರೂ ತೋರಿಸ್ತಿದೀಯಾ?"

"ಇಲ್ಲ. ನಿನ್ನ ಕೂಸು ಇಲ್ಲೇ ಐತೆ."

"ಹಂಗಾದ್ರೆ ಗಿಡ ಯಾವಾಗ ನೆಟ್ಟೆ?"

ಯರ್ರಮ್ಮ ನೆಲಕ್ಕೆ ಕೈಯೂರಿ, ಮಂಡಿ ಮಡಚಲಾಗದೆ, ಕಾಲು ಚಾಚಿ ಕೂತಳು.

"ಅವತ್ತೇ ನೆಟ್ಟೆ. ಹತ್ತಲಿಲ್ಲ. ಬ್ಯಾಸಿಗೆ ಹತ್ರ ಬಂದಿತ್ತು, ಅದಕ್ಕಿರ್ಬೇಕು ಅಂದ್ಕೊಂಡು ಮಳೆ ಬಿದ್ದ ಮ್ಯಾಲೆ ಇನ್ನೊಂದು ಕಡ್ಡಿ ತಂದು ಊರಿದೆ. ಅದೂ ಒಣಗ್ತು. ಎರಡು ವರ್ಷ ಬಿಟ್ಟು ಇನ್ನೊಂದು ಸಲ. ಅದಾದ ಮ್ಯಾಲೆ ಇನ್ನೊಂದು. ನಾಲ್ಕು ಒಣಗಿದ್ವು. ಐದನೇದು ಇದು."

"ಇದು ಹೆಂಗೆ ಹತ್ತಿತು?"

"ನೀರು ಹಾಕ್ದೆ." ಯರ್ರಮ್ಮನ ದನಿ ಇಳಿಯಿತು. "ಸೌದೆಗೆ ಅಂತ ಬರ್ತಿದ್ನಲ್ಲ, ಆ ಬ್ಯಾಸಿಗೆ ಪೂರ್ತಿ. ಸೆರಗಿನಾಗೆ ಚೊಂಬು ಮುಚ್ಕೊಂಡು ಬರ್ತಿದ್ದೆ. ನೀರು ಹಾಕಬಾರ್ದು, ಗೊತ್ತು. ನೀರು ಹಾಕಿ ಬದುಕಿಸಿದ ಗಿಡ ಏನು ಹೇಳೀತು. ಆದ್ರೂ ಹಾಕ್ದೆ."

ದಂಡೆಯ ಕಡೆಯಿಂದ ಗುದ್ದಲಿಗಳ ಸದ್ದು ಬರುತ್ತಿತ್ತು. ಜಯಕ್ಕ ಇಪ್ಪತ್ತು ವರ್ಷದಿಂದ ಬಾಯಿಯ ಹತ್ತಿರ ಬಂದು ಹಿಂದೆ ಹೋಗುತ್ತಿದ್ದ ಮಾತನ್ನು ಕೇಳಿದಳು.

"ಇಲ್ಲಿ ಇಟ್ಟಾಗ ಅದಕ್ಕೆ ಉಸಿರಿತ್ತಾ?"

"ಗೊತ್ತಿಲ್ಲ."

"ಅತ್ತೆ."

"ಗೊತ್ತಿಲ್ಲ ಕಣೆ. ದೇವರಾಣೆ." ಯರ್ರಮ್ಮ ಸೊಸೆಯ ಮುಖ ನೋಡಿದಳು. "ಟೆಂಪೋ ಹೋದ ಮ್ಯಾಲೆ ಕೂಸು ಅಳಲಿಲ್ಲ. ಮಲಗೈತೆ ಅಂದ್ಕೊಂಡೆ. ಮಧ್ಯಾಹ್ನ ಮುಟ್ಟಿದ್ರೆ ತಣ್ಣಗಿತ್ತು. ಏಳು ತಿಂಗಳಿಗೇ ಹುಟ್ಟಿದ ಕೂಸುಗಳು ತಣ್ಣಗೇ ಇರ್ತಾವೆ. ಅದು ನಂಗೆ ಗೊತ್ತಿಲ್ದೇ ಇದ್ದದ್ದಲ್ಲ. ಎದೆ ಮ್ಯಾಲೆ ಎರಡು ಬೆರಳಿಟ್ರೆ ತಿಳೀತದೆ. ಎಷ್ಟು ಕೂಸಿಗೆ ಹಂಗೆ ನೋಡಿ, ಉಜ್ಜಿ, ಉಸಿರು ತಂದೀನಿ. ಇದಕ್ಕೆ ಬೆರಳಿಡಲಿಲ್ಲ."

"ಯಾಕೆ?"

"ಇದ್ದುಬಿಟ್ರೆ ಏನ್ಮಾಡ್ಲಿ ಅಂತ."

ಗಾಳಿಗೆ ಹೂ ಉದುರಿ ಮುದುಕಿಯ ಮಡಿಲಿಗೆ ಬಿದ್ದವು. ಯರ್ರಮ್ಮ ಅವನ್ನು ಕೊಡವಲಿಲ್ಲ.

"ನೀನು ಉಳೀತೀಯೋ ಇಲ್ವೋ ಅಂತಿದ್ರು. ಎರಡು ಹೆಣ್ಣು ಮೂಲೆಯಾಗೆ ಕುಂತು ಅಳ್ತಿದ್ವು. ಇದು ಮೂರನೇದು. ಹಾಲು ಎಳೀತಿರಲಿಲ್ಲ. ನಾನು ಬಟ್ಟೆ ಸುತ್ತಿದೆ. ಒಂದು ಸಲ ಬಿಚ್ಚಿ ನೋಡಾಣ ಅನ್ನಿಸ್ತು, ದಾರಿಯಾಗೂ ಅನ್ನಿಸ್ತು. ಬಿಚ್ಚಲಿಲ್ಲ. ಸಾಲಿನಾಗೆ ಇಡೋಕೆ ಧೈರ್ಯ ಬರಲಿಲ್ಲ, ಇಲ್ಲಿಗೆ ತಂದೆ. ಗಿಡಾನೇ ಹೇಳ್ಲಿ ಅಂತ ಊರಿದೆ. ಅದು ಹೇಳ್ತು. ನಾಲ್ಕು ಸಲ ಹೇಳ್ತು. ನಂಗೇ ಕೇಳಿಸ್ಕೊಳ್ಳೋಕೆ ಆಗಲಿಲ್ಲ."

ಜಯಕ್ಕ ಗಿಡದಿಂದ ಕೈ ತೆಗೆದಳು. ಹೌದು ಎಂದಿದ್ದರೆ ಅವಳು ಕೂಗಬಹುದಿತ್ತು. ಇಲ್ಲ ಎಂದಿದ್ದರೆ ಕಾಲಿಗೆ ಬೀಳಬಹುದಿತ್ತು. ಎರಡಕ್ಕೂ ಸಿದ್ಧಳಾಗಿ ಬಂದಿದ್ದವಳಿಗೆ ಈಗ ಏನು ಮಾಡಬೇಕೆಂದು ತಿಳಿಯಲಿಲ್ಲ. ನಾಲ್ಕು ಗಿಡ ಒಣಗಿದ್ದು ಬೇಸಿಗೆಗೆ ಇರಬಹುದು, ಕಾರೆ ಮೆಳೆಯ ಬೇರಿಗೆ ಇರಬಹುದು, ಇನ್ಯಾವುದಕ್ಕೋ ಇರಬಹುದು. ಅತ್ತೆ ಎರಡು ಬೆರಳು ಇಡಲಿಲ್ಲ ಎಂಬುದೊಂದೇ ಗಟ್ಟಿ. ತನ್ನ ಕಿರುಬೆರಳಿನ ಬಿಗಿಯೂ ಅಷ್ಟೇ ಗಟ್ಟಿ. ಉಳಿದಿದ್ದನ್ನು ಇನ್ನು ಯಾರೂ ಹೇಳಲಾರರು.

"ಅರೆ, ಇಲ್ಲೊಂದಿದೆಯಾ!" ತೇಜಶ್ರೀ ಮೆಳೆ ಸರಿಸಿಕೊಂಡು ಬಂದಳು. ಗಿಡ ನೋಡಿ ಅರಳಿದ ಮುಖ, ಇಬ್ಬರನ್ನೂ ನೋಡಿ ಹಾಗೇ ನಿಂತಿತು. "ಜಯಕ್ಕ... ಇದು ನಿಮ್ಮದಾ?"

"ಅಲ್ಲ ಮೇಡಂ. ಅತ್ತೇದು."

"ನೀವು ಎತ್ತಲ್ವಾ?"

"ನಂಗೆ ಬೇಕಿಲ್ಲ. ನಿಮಗೆ ಬೇಕಾದ್ರೆ ತಗೊಳ್ರಿ."

ಲೋಕದಲ್ಲಿ ಲೆಕ್ಕಕ್ಕೆ ಸಿಗುವಷ್ಟೇ ಇದ್ದ ಗಿಡ, ತೇಜಶ್ರೀಗೆ ಬಿಟ್ಟು ಹೋಗಲಾಗುತ್ತಿರಲಿಲ್ಲ. ಬಗ್ಗಿ ಸುತ್ತಲೂ ತಾನೇ ಅಗೆದಳು. ಅಭ್ಯಾಸವಿಲ್ಲದ ಕೈ, ಬೇರಿನ ಒಂದು ಕವಲು ಲಟ್ಟೆಂದಿತು. ಜಯಕ್ಕ ಕಣ್ಣು ಮುಚ್ಚಬಾರದೆಂದು ನೋಡುತ್ತಲೇ ಕೂತಳು. ಗಿಡ ಎದ್ದು ಬಂದ ಕಡೆ ಮೊಳದಷ್ಟು ಆಳದ ಗುಂಡಿ, ಅದರೊಳಗೆ ತೇವದ ಕಪ್ಪು ಮಣ್ಣು. ಜಯಕ್ಕ ಎರಡೂ ಕೈಯಿಂದ ಸುತ್ತಲಿನ ಮಣ್ಣನ್ನು ಎಳೆದು ಗುಂಡಿ ಮುಚ್ಚಿದಳು. ಮೇಲೆ ತಟ್ಟಿದಳು. ತೇಜಶ್ರೀ ಗಿಡ ಎತ್ತಿಕೊಂಡು ಹೋದಳು.

"ಕೊನೇ ಟ್ರಿಪ್ಪು ಹಾಕಿ ಬಂದು ಅಮ್ಮನ್ನ ಮನೆಗೆ ಬಿಡ್ತೀನಕ್ಕ" ಎಂದು ಅನ್ವರ್ ಆಚೆಯಿಂದ ಕೂಗಿದ. ಟ್ರ್ಯಾಕ್ಟರಿನ ಸದ್ದು ದೂರವಾಯಿತು. ಹೆಂಗಸರು ಅದರ ಹಿಂದೆ ರಸ್ತೆಯವರೆಗೆ ಹೋದರು.

"ಭಾನುವಾರ ಸೌಂದರ್ಯ ಬರ್ತಾಳೆ" ಎಂದಳು ಜಯಕ್ಕ.

"ಹೂಂ."

"ನೀನು ನಾಳೆ ನಾಯಕನಹಟ್ಟಿಗೆ ಹೋಗು. ನಿನ್ನ ಮಗಳ ಮನೆಗೆ. ಬೆಳಿಗ್ಗೆ ಬಸ್ಸಿಗೆ ಹತ್ತಿಸ್ತೀನಿ."

ಯರ್ರಮ್ಮ ಆ ಮಾತು ಮೊದಲೇ ಗೊತ್ತಿದ್ದವಳಂತೆ ತಲೆಯಾಡಿಸಿದಳು. ಎಷ್ಟು ದಿನಕ್ಕೆ ಎಂದು ಕೇಳಲಿಲ್ಲ.

"ಕೂಸಿಗೆ ನೀರು ಯಾರು ಹಾಕ್ತಾರೆ?"

"ನಾನು."

"ನಿಂಗೆ ಬರಲ್ಲ. ನಿನ್ನೆರಡು ಮಕ್ಕಳಿಗೂ ನಾನೇ ಹಾಕಿದ್ದು. ಡಾಕ್ಟ್ರು ತೂಕ ಕಡಿಮೆ ಅಂದವ್ರೆ. ಜಾರ್ತದೆ ಕಣೆ, ಸಣ್ಣ ಕೂಸು ಸೋಪು ಜಾರಿದಂಗೆ ಜಾರ್ತದೆ."

"ಕಲ್ತ್ಕೊಂತೀನಿ."

"ಯಾರ ಹತ್ರ?"

ಜಯಕ್ಕ ಮುದುಕಿಯ ಮುಖ ನೋಡಿದಳು. ಈ ಮುಖವನ್ನು ಇನ್ನು ಕಾಣುವುದು ಬೇಡವೆನಿಸುತ್ತಿತ್ತು. ಈ ಮುಖಕ್ಕೆ ಗೊತ್ತಿರುವುದು ಹಟ್ಟಿಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

"ಹೇಳು" ಎಂದಳು.

ಯರ್ರಮ್ಮ ಕೂತಲ್ಲಿಯೇ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿ, ಚಾಚಿದ ಕಾಲುಗಳನ್ನು ಜೋಡಿಸಿದಳು. ನಡುವೆ ಸಂದಿ ಉಳಿಯದಂತೆ ಪಾದಗಳನ್ನು ಒತ್ತಿಕೊಂಡಳು.

"ಕಾಲು ಹಿಂಗೆ. ತಲೆ ಪಾದದ ಕಡೆ, ಮುಖ ಕೆಳಗೆ ಮಾಡಿ ಬೆನ್ನು ಮೊದಲು. ತಿರುಗಿಸೋವಾಗ ಎಡಗೈ ಕತ್ತಿನ ಕೆಳಗೆ ಇರ್ಬೇಕು, ಬೆರಳು ಬಿಡಿಸ್ಕೊಂಡು. ಇಕಾ, ಹಿಂಗೆ. ಹಿಡೀಬ್ಯಾಡ, ಹೊತ್ಕೊಂಡಿರು ಅಷ್ಟೇ. ನೀರು ಮೊಣಕೈಗೆ ಸೋಕಿಸಿ ನೋಡು, ಅಂಗೈ ಮಾತು ನಂಬಬ್ಯಾಡ. ಎಂಟು ತುಂಬೋದ್ರೊಳಗೆ ಹುಟ್ಟಿತು ಅಂದ್ರೆ ನೀರೇ ಬ್ಯಾಡ. ಎಣ್ಣೆ ಬಿಸಿ ಮಾಡಿ ಬಟ್ಟೆಯಾಗೆ ಒರೆಸು, ನಿನ್ನೆದೆ ಮ್ಯಾಲೆ ಹಾಕ್ಕೊಂಡು ಮಲಗು. ಮಲಗೈತೆ ಅಂತ ಬಿಡಬ್ಯಾಡ. ಗಳಿಗೆಗೊಂದು ಸಲ ನೋಡು."

"ಹೆಂಗೆ ನೋಡ್ಲಿ?"

"ಕೈ ಕೊಡು."

ಜಯಕ್ಕ ಕೊಟ್ಟಳು. ಯರ್ರಮ್ಮ ಅವಳ ತೋರುಬೆರಳು, ನಡುಬೆರಳುಗಳನ್ನು ಜೋಡಿಸಿ, ತನ್ನ ರವಿಕೆಯ ಮೇಲ್ಗಡೆ, ಎಡ ಎದೆಯ ಮೂಳೆಗಳ ನಡುವೆ ಒತ್ತಿ ಇಟ್ಟುಕೊಂಡಳು.

"ಜೋರಾಗಿ ಒತ್ತಬ್ಯಾಡ. ಸುಮ್ನೆ ಇಡು. ಅವಸರ ಮಾಡಬ್ಯಾಡ. ಮೊದಲು ಏನೂ ಇಲ್ಲ ಅನ್ನಿಸ್ತದೆ, ತೆಗೆದುಬಿಡಾಣ ಅನ್ನಿಸ್ತದೆ. ತೆಗೀಬಾರ್ದು. ಸಿಕ್ತಾ?"

ಜಯಕ್ಕ ಬೆರಳು ತೆಗೆಯದೆ ಕಾದಳು.